ಓದುಗರ ಪ್ರಶ್ನೆ: ಬೋಟ್ಸ್ವಾನಾದ ಹುಳಿ ಸಂಗಟಿ

ಪ್ರಶ್ನೆ: ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ ಸಂಗಟಿ ಮಾಡುತ್ತಾರಂತೆ. ನಮ್ಮ ಮಾಲ್ದಂಡಿ ಜೋಳದ ಹಿಟ್ಟಿಗೆ ಎಸರು ಹಾಕಿ ಕಲಸಿ ಎರಡು ಸಲ ಇಟ್ಟೆ. ಹುಳಿ ಬರಲೇ ಇಲ್ಲ. ಎಲ್ಲಿ ತಪ್ಪಿತು?
– ಓದುಗರು, ಸಿಂದಗಿ

ಉತ್ತರ: ತಪ್ಪಿದ್ದು ಎಸರಿನಲ್ಲೇ. ರೊಟ್ಟಿಯ ಹಿಟ್ಟಿಗೆ ಜಿಗಿ ಬರಲು ಕುದಿಯುವ ಎಸರು ಬೇಕು. ಇಲ್ಲಿ ಅದೇ ಎಸರು ಹುಳಿ ಬರಿಸುವ ಸೂಕ್ಷ್ಮಜೀವಿಗಳನ್ನು ಕೊಂದುಬಿಡುತ್ತದೆ. ಬೆರಳಿಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ಸಾಕು.

ತ್ಸ್ವಾನಾ ಭಾಷೆಯಲ್ಲಿ ಜೋಳಕ್ಕೆ ‘ಮಬೆಲೆ’, ಸಂಗಟಿಗೆ ‘ಬೊಗೊಬೆ’, ಹುಳಿ ಬಂದ ಹಿಟ್ಟಿಗೆ ‘ಟಿಂಗ್’ ಎನ್ನುತ್ತಾರೆ. ನಾಲ್ಕು ಜನಕ್ಕೆ ಕಾಲು ಕಿಲೋ ಹಿಟ್ಟು ಹಿಡಿಯಿರಿ. ಅದು ರೊಟ್ಟಿ ಹಿಟ್ಟಿಗಿಂತ ತುಸು ತರಿಯಾಗಿರಲಿ, ಗಿರಣಿಯಲ್ಲಿ ಹಾಗೆಂದೇ ಹೇಳಿ ಬೀಸಿಸಿ. ಕಾಲು ಲೀಟರ್ ಬೆಚ್ಚಗಿನ ನೀರಿನಲ್ಲಿ ಕಲಸಿ, ಮಣ್ಣಿನ ಗಡಿಗೆಗೆ ಹಾಕಿ, ಬಾಯಿಗೆ ಅರಿವೆ ಕಟ್ಟಿಡಿ. ಮೊದಲ ಸಲ ಎರಡು ಮೂರು ದಿನ ಹಿಡಿಯುತ್ತದೆ. ಸಣ್ಣ ಗುಳ್ಳೆ ಎದ್ದು ಮೊಸರಿನಂಥ ಹುಳಿವಾಸನೆ ಬಂದರೆ ಆಯಿತೆಂದು ತಿಳಿಯಿರಿ. ಅದರಲ್ಲಿ ಎರಡು ಮೂರು ಚಮಚ ತೆಗೆದಿಟ್ಟುಕೊಂಡರೆ ಅದೇ ಮುಂದಿನ ಸಲದ ಹೆಪ್ಪು, ಆಗ ಒಂದೇ ದಿನ ಸಾಕು. ಕೊಳೆತ ನಾತ ಬಂದರೆ, ಯಾವುದೇ ಬಣ್ಣದ ಬೂಸ್ಟು ಕಂಡರೆ ಪೂರ್ತಿ ಚೆಲ್ಲಿ. ಮೇಲಿನದನ್ನಷ್ಟೇ ಕೆರೆದು ಉಳಿದದ್ದನ್ನು ಉಣ್ಣಬೇಡಿ. ಹಳೆಯ ಹಿಟ್ಟು ಕಮಟು ಹಿಡಿದಿದ್ದರೆ ಎಷ್ಟು ಹುಳಿ ಬಂದರೂ ಆ ಕಹಿ ಹೋಗುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಗಡಿಗೆಯನ್ನು ಒಲೆಯ ಮಗ್ಗುಲಿಗೆ ಇಡಿ.

ಬೇಯಿಸಲು ಮುಕ್ಕಾಲು ಲೀಟರ್ ನೀರು ಕುದಿಸಿ, ಹುಳಿಹಿಟ್ಟನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ಕೈಬಿಡದೆ ತಿರುವಿ. ಒಮ್ಮೆಲೇ ಸುರಿದರೆ ಗಂಟು ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ನಂತರ ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ತಾಸು ಬೇಯಲಿ. ಅಲ್ಲಿ ಇದರ ಜೊತೆಗೆ ಅಲಸಂದಿ ಎಲೆಯ ಪಲ್ಯ ಇರುತ್ತದೆ. ಹಬ್ಬ, ಮದುವೆಗಳಲ್ಲಿ ಬರೀ ಉಪ್ಪುನೀರಿನಲ್ಲಿ ಬೇಯಿಸಿ ಜಜ್ಜಿದ ಮಾಂಸ, ‘ಸೆಸ್ವಾ’, ಮಾಡುತ್ತಾರೆ. ನಮ್ಮ ಮಜ್ಜಿಗೆ ಅಂಬಲಿಯ ರುಚಿ ಬಲ್ಲವರಿಗೆ ಟಿಂಗ್ ಹೊಸದೆನಿಸುವುದಿಲ್ಲ, ಆದರೆ ಇಲ್ಲಿ ಹುಳಿ ಬರುವುದು ಹಿಟ್ಟಿನಿಂದಲೇ, ಮಜ್ಜಿಗೆಯಿಂದಲ್ಲ.

ಮಾಲ್ದಂಡಿಯಾದರೆ ನಿಮಗೆ ಒಂದು ಕೆಲಸ ತಪ್ಪುತ್ತದೆ. ಅಲ್ಲಿನ ಕೆಲವು ಕೆಂಪು ಜೋಳಗಳ ಸಿಪ್ಪೆಯಡಿ ಒಗರು ಹೆಚ್ಚು. ಹಕ್ಕಿಗಳು ಮುಟ್ಟುವುದು ಕಡಿಮೆ, ಉಣ್ಣುವವರಿಗೂ ಒಗರೇ. ಆದ್ದರಿಂದ ಕಾಳನ್ನು ನೀರು ಚಿಮುಕಿಸಿ ಮರದ ಒಳ್ಳಿನಲ್ಲಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ತೌಡು ಕೇರಿದ ಮೇಲೆಯೇ ಬೀಸುತ್ತಿದ್ದರು. ಹೆಣ್ಣುಮಕ್ಕಳ ರಟ್ಟೆ ಸೋಲಿಸುತ್ತಿದ್ದ ಈ ಕೆಲಸಕ್ಕೆ ಕಾನ್ಯೆ ಊರಿನ ರೂರಲ್ ಇಂಡಸ್ಟ್ರೀಸ್ ಇನ್ನೋವೇಶನ್ ಸೆಂಟರ್ ಸಣ್ಣ ಯಂತ್ರ ರೂಪಿಸಿತು. ಊರ ಗಿರಣಿಗಳಿಗೆ ಅದು ಬಂದದ್ದು ದೊಡ್ಡ ಉಪಕಾರ.

ಪ್ರಶ್ನೆ: ಬೋಟ್ಸ್ವಾನಾದ ‘ಬುಷ್‌ಮನ್’ ಜನರ ಭಾಷೆಯಲ್ಲಿ ನಾಲಗೆ ಚಿಟುಕಿಸುತ್ತಾರಂತೆ, ಹೇಗೆ?
– ಓದುಗರು, ಜಮಖಂಡಿ

ಉತ್ತರ: ಮೊದಲು ಹೆಸರಿನ ಮಾತು. ‘ಬುಷ್‌ಮನ್’ ಹೊರಗಿನವರು ಇಟ್ಟದ್ದು. ‘ಸಾನ್’ ಎನ್ನುವುದು ವಾಡಿಕೆಯಲ್ಲಿದೆ. ಆದರೆ ಅವರು ಒಂದೇ ಜನಾಂಗವಲ್ಲ, ಭಾಷೆಗಳೂ ಹಲವು. ಗೊತ್ತಿದ್ದರೆ ಆಯಾ ಸಮುದಾಯದ ಹೆಸರನ್ನೇ ಹೇಳುವುದು ಸರಿ.

ಆ ಸದ್ದುಗಳನ್ನು ನೀವು ದಿನಾ ಮಾಡುತ್ತೀರಿ. ಯಾರದೋ ಕಷ್ಟ ಕೇಳಿ ಲೊಚಗುಟ್ಟುವಾಗ ನಾಲಗೆಯ ತುದಿ ಮುಂದಿನ ಹಲ್ಲಿಗೆ ಅಂಟಿ ಬಿಡುತ್ತದಲ್ಲ, ‘ಗ್ವೀ’ ಎಂಬ ಸಮುದಾಯದ ಹೆಸರಿನ ಮೊದಲಿಗೆ ಬರುವುದು ಅದೇ. ಎತ್ತು ಹೊಡೆಯುವಾಗ ಕೆನ್ನೆಯ ಕಡೆಯಿಂದ ಬರುವ ಸದ್ದು ‘ಗಾನಾ’ ಹೆಸರಿನಲ್ಲಿದೆ. ನಮ್ಮಲ್ಲಿ ಅವು ಬರೀ ಸದ್ದು, ಅಲ್ಲಿ ಕ, ಗ ಇದ್ದ ಹಾಗೆ ವ್ಯಂಜನಗಳು. ಬದಲಾದರೆ ಅರ್ಥವೇ ಬೇರೆ.

ಈ ಗ್ವೀ, ಗಾನಾ ಜನರ ನೆಲವೇ 1961ರಲ್ಲಿ ಘೋಷಣೆಯಾದ ಸೆಂಟ್ರಲ್ ಕಲಹರಿ ಅಭಯಾರಣ್ಯ. 1997 ಮತ್ತು 2002ರಲ್ಲಿ ಸರ್ಕಾರ ಅವರನ್ನು ಅಲ್ಲಿಂದ ಎಬ್ಬಿಸಿತು. 2002ರಲ್ಲಿ ಎಬ್ಬಿಸಿದ್ದು ಕಾನೂನುಬಾಹಿರವೆಂದು 2006ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಆದರೂ ಕೊಳವೆಬಾವಿಯ ನೀರಿನ ಹಕ್ಕಿಗಾಗಿ 2011ರವರೆಗೆ ಮತ್ತೆ ನ್ಯಾಯಾಲಯ ಸುತ್ತಬೇಕಾಯಿತು. ಮರಳುಗಾಡಿನಲ್ಲಿ ನೀರಿಲ್ಲದೆ ಊರಿಗೆ ಮರಳುವ ಹಕ್ಕು ಕೊಟ್ಟರೆ ಕೊಟ್ಟಂತಾಗುವುದಿಲ್ಲ.

ಪ್ರಶ್ನೆ: ಬೋಟ್ಸ್ವಾನಾದ ಹಣಕ್ಕೆ ‘ಪುಲ’ ಎಂಬ ಹೆಸರು ಏಕೆ?
– ಓದುಗರು, ಗೋಕಾಕ

ಉತ್ತರ: ಪುಲ ಎಂದರೆ ಮಳೆ, ಆ ಒಣನಾಡಿನಲ್ಲಿ ಅದೇ ದೊಡ್ಡ ಹರಕೆ. 1976ರಲ್ಲಿ ಸ್ವಂತ ನಾಣ್ಯ ತಂದಾಗ ಇಟ್ಟ ಹೆಸರು. ದೇಶದ ಲಾಂಛನದ ಮೇಲೂ ಇದೊಂದೇ ಪದವಿದೆ. ಊರ ಪಂಚಾಯಿತಿ ಕೂಡುವ ಕಟ್ಟೆ, ‘ಖೊಟ್ಲ’ದಲ್ಲಿ ಹಿರಿಯರು ಮಾತು ಮುಗಿಸಿದರೆ ಕೂತವರೆಲ್ಲ “ಪುಲ!” ಎಂದು ಕೂಗುತ್ತಾರೆ.