2025ರ ಸೀಸನ್ ಶುರುವಾಗುವ ಮುನ್ನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡೆಟ್ರಾಯಿಟ್ ಲಯನ್ಸ್ ತಂಡ ಎಷ್ಟು ಗಟ್ಟಿಯಾಗಿತ್ತು? ಎಲ್ಲಿ ಕೈಕೊಡಬಹುದಿತ್ತು?

ಗಟ್ಟಿಯೇ. 2024ರ ಲೀಗ್ ಹಂತದಲ್ಲಿ 15 ಪಂದ್ಯ ಗೆದ್ದು ಎರಡೇ ಸೋತ ತಂಡ ಇದು. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಗಾಫ್, ಚೆಂಡು ಹಿಡಿದು ಓಡುವ ಗಿಬ್ಸ್, ಎಸೆದ ಚೆಂಡು ಹಿಡಿಯುವ ಸೇಂಟ್ ಬ್ರೌನ್, ಲೈನಿನ ತುದಿಯಲ್ಲಿ ತಡೆಯುವ ಸೂವೆಲ್ ಎಲ್ಲರೂ ಉಳಿದಿದ್ದರು. ಚಿಂತೆ ಇದ್ದದ್ದು ಆಫೆನ್ಸಿವ್ ಲೈನಿನ (ಕ್ವಾರ್ಟರ್‌ಬ್ಯಾಕನ್ನು ಕಾಯುವ ಸಾಲು) ನಟ್ಟನಡುವೆ. ಸೆಂಟರ್ ಫ್ರಾಂಕ್ ರ್‍ಯಾಗ್ನೋ ಜೂನ್‌ನಲ್ಲಿ ನಿವೃತ್ತರಾದರು, ಸೆಂಟರ್‌ನ ಬಲಪಕ್ಕದಲ್ಲಿ ನಿಲ್ಲುವ ರೈಟ್ ಗಾರ್ಡ್ ಝೈಟ್ಲರ್ ಟೆನೆಸಿ ಟೈಟನ್ಸ್ ತಂಡಕ್ಕೆ ಹೋದರು.

ಸೆಂಟರ್ ಎಂದರೆ ಚೆಂಡು ಹಿಂದಕ್ಕೆ ಕೊಡುವವನು ಮಾತ್ರವಲ್ಲ. ಎದುರಾಳಿ ಯಾವ ಕಡೆಯಿಂದ ನುಗ್ಗುತ್ತಾನೆಂದು ನೋಡಿ, ಯಾರು ಯಾರನ್ನು ತಡೆಯಬೇಕೆಂದು ಕೂಗಿ ಹೇಳುವವನೂ ಅವನೇ. ಅಲ್ಲಿ ತಪ್ಪಿದರೆ ಎದುರಾಳಿ ಡಿಫೆಂಡರ್ ನೇರವಾಗಿ ಮಧ್ಯದಿಂದ ನುಗ್ಗುತ್ತಾನೆ. ಗಾಫ್ ಓಡಿ ತಪ್ಪಿಸಿಕೊಳ್ಳುವ ಕ್ವಾರ್ಟರ್‌ಬ್ಯಾಕ್ ಅಲ್ಲ. ಗ್ರಹಾಂ ಗ್ಲಾಸ್ಗೋ ಸೆಂಟರ್‌ಗೆ ಸರಿದು, ಡ್ರಾಫ್ಟ್‌ನ (ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಎರಡನೇ ಸುತ್ತಿನ ಆಯ್ಕೆ ಟೇಟ್ ರಾಟ್ಲೆಡ್ಜ್ ಗಾರ್ಡ್ ಆಗುವುದೇ ನನಗೆ ಸರಿಯಾದ ದಾರಿ ಅನಿಸಿತ್ತು.

ಬೆಂಚ್ ಕೂಡ ಮುಖ್ಯ. ಆಗಸ್ಟ್ ಕೊನೆಗೆ 90 ಜನರನ್ನು 53ಕ್ಕೆ ಇಳಿಸಬೇಕು. ಪಂದ್ಯದ ದಿನ ಕನಿಷ್ಠ ಎಂಟು ಆಫೆನ್ಸಿವ್ ಲೈನ್‌ಮನ್‌ಗಳಿದ್ದರೆ 48 ಜನ ಆಡಬಹುದು, ಇಲ್ಲದಿದ್ದರೆ 47.

ಡಿಫೆನ್ಸ್‌ನಲ್ಲಿ ಕಾಲು ಮುರಿದುಕೊಂಡಿದ್ದ ಹಚಿನ್ಸನ್ ಮರಳುತ್ತಿದ್ದದ್ದೇ ದೊಡ್ಡ ಬಲವಾಗಿತ್ತು. ಎದುರಾಳಿಯ ಪಾಸ್ ತಡೆಯುವ ಕಾರ್ಲ್ಟನ್ ಡೇವಿಸ್ ಜಾಗಕ್ಕೆ ಡಿ.ಜೆ. ರೀಡ್ ಬಂದಿದ್ದರು. ಆಫೆನ್ಸ್ ನೋಡಿಕೊಳ್ಳುತ್ತಿದ್ದ ಕೋಚ್ ಬೆನ್ ಜಾನ್ಸನ್, ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಕೋಚ್ ಆರನ್ ಗ್ಲೆನ್ ಇಬ್ಬರೂ ಬೇರೆ ತಂಡಗಳ ಮುಖ್ಯ ಕೋಚ್ ಆಗಿ ಹೋಗಿದ್ದರಿಂದ ಮೊದಲ ಕೆಲವು ವಾರ ಹೊಂದಾಣಿಕೆಗೇ ಬೇಕಾದೀತು ಅನಿಸಿತ್ತು.