ಮೊದಲು ಆ ತೂಕದ ಮೆಷಿನ್ ಹೊರಗಿಡಿ

ಕಾಪು ಕಡೆಯ ಮಹಿಳಾ ಮಂಡಲದ ಕಾರ್ಯದರ್ಶಿಯೊಬ್ಬರ ಪತ್ರ ಇದು. ಮನಸ್ಸು, ಊಟ, ದೇಹ ಮೂರನ್ನೂ ಸೇರಿಸಿ ಮಾತಾಡುವ 10 ವಾರದ ಕಾರ್ಯಕ್ರಮ ಶುರುಮಾಡಿದ್ದಾರೆ. ಶನಿವಾರ ಸಂಜೆ, 14 ಮಂದಿ. ನಾಲ್ಕನೇ ವಾರಕ್ಕೆ ಅವರ ಓರಗಿತ್ತಿ ಬರುವುದನ್ನೂ ಬಿಟ್ಟರು, ಮಾತೂ ಬಿಟ್ಟರು. "ಅವಳಿಗೆ ಮನಸ್ಸು ಗಟ್ಟಿ ಇಲ್ಲ, ಸಭೆ ಮುಗಿದ ಕೂಡಲೇ ಗೋಳಿಬಜೆಗೆ ಮುಗಿಬೀಳ್ತಾಳೆ. ನಾನೇ ಹೋಗಿ ಕರೀಬೇಕಾ?" ಎಂದು ಕೇಳಿದ್ದಾರೆ.

ಕಾರ್ಯದರ್ಶಿಯವರೇ, ಪತ್ರದ ಕೊನೆಗೆ ಒಂದು ಸಾಲು ತುರುಕಿದ್ದೀರಿ: "ಶುರುವಿಗೆ ಎಲ್ಲರ ತೂಕ ನೋಡಿ ಖಜಾಂಚಿ ಬೋರ್ಡಿನಲ್ಲಿ ಬರೀತಾರೆ, ತಮಾಷೆಗೆ ಒಂದೆರಡು ಮಾತೂ ಹೇಳ್ತಾರೆ." ಮಾರಾಯ್ರೆ, ಜಗಳ ಹುಟ್ಟಿದ್ದೇ ಅಲ್ಲಿ!

ಸಂಜೆ ಐದಕ್ಕೆ ಮೆಷಿನ್ ಹತ್ತಬೇಕೆಂದರೆ ಬೆಳಗ್ಗಿನ ದೋಸೆ ತಪ್ಪುತ್ತದೆ, ಮಧ್ಯಾಹ್ನದ ಗಂಜಿ ಅರ್ಧವಾಗುತ್ತದೆ. ಕೆಲವರು ನೀರೂ ಕುಡಿಯುವುದಿಲ್ಲ. ಆರೂವರೆಗೆ ಬಿಸಿ ಗೋಳಿಬಜೆ ಕಂಡರೆ ಯಾರ ಕೈ ನಿಲ್ಲುತ್ತದೆ? 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ಸುಮಾರು 6 ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಅವರಿಗೆ ದಿನವಿಡೀ ಊಟದ್ದೇ ಧ್ಯಾನ. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲೇ ಆಗಲಿಲ್ಲ. ಇನ್ನು ಆ ಬೋರ್ಡಿನ ಅಂಕಿ? ಉಪ್ಪು, ನೀರು, ಮುಟ್ಟಿನ ದಿನ ಇಷ್ಟಕ್ಕೇ ಒಂದೆರಡು ಕೆ.ಜಿ. ಆಚೀಚೆ ಆಗುತ್ತದೆ.

ಖಜಾಂಚಿಯ ತಮಾಷೆಯನ್ನು ನಾನಂತೂ ಮಾಫಿ ಮಾಡುವುದಿಲ್ಲ. "ತೋರ ಆಗಿದ್ದಿ" ಮಾತ್ರವಲ್ಲ, "ಸಪೂರ ಆದಿ, ಚಂದ ಕಾಣ್ತಿ" ಎನ್ನುವುದನ್ನೂ ಬಂದ್ ಮಾಡಿ. ಹೊಗಳಿಸಿಕೊಂಡವಳು ಮುಂದಿನ ವಾರ ಇನ್ನೊಂದು ಊಟ ಬಿಡುತ್ತಾಳೆ.

ಮೆಷಿನ್ ಬದಲು ಒಬ್ಬೊಬ್ಬರಿಗೊಂದು ನೋಟ್‌ಬುಕ್ ಕೊಡಿ. ಹೊತ್ತು, ತಿಂದದ್ದು, ಎಲ್ಲಿ, ಹಸಿವು 0ರಿಂದ 10ರಲ್ಲಿ ಎಷ್ಟು, ಆಗ ಮನಸ್ಸು ಹೇಗಿತ್ತು ಎಂದು ಐದು ಕಾಲಂ ಎಳೆಯಲಿ. "ರಾತ್ರಿ 10, ಆರು ಚಕ್ಕುಲಿ, ಅಡುಗೆಮನೆಯಲ್ಲಿ ನಿಂತುಕೊಂಡೇ, ಹಸಿವು 2, ಅತ್ತೆ ಮೇಲೆ ಸಿಟ್ಟು" – ಇಷ್ಟು ಸಾಕು, ಕ್ಯಾಲೊರಿ ಲೆಕ್ಕ ಬೇಡ. ತಿಂದ ಕೂಡಲೇ ಬರೆಯಬೇಕು. ಮಲಗುವಾಗ ಬರೆದರೆ ಚಕ್ಕುಲಿ ನೆನಪಿರುತ್ತದೆ, ಸಿಟ್ಟು ಮರೆತಿರುತ್ತದೆ. ಓದಿ ಹೇಳುವುದು ಅವರವರ ಇಷ್ಟ. ಮೊದಲ ಎರಡು ವಾರ ಒಂದೇ ಪಾಠ: ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ಅದಾಗದೆ ಭಾವನೆಗಳ ಚರ್ಚೆ ನಡೆಸಿ ಪ್ರಯೋಜನವಿಲ್ಲ. 14 ಮಂದಿಯನ್ನು ಏಳೇಳಾಗಿ ಕೂರಿಸಿ, ಇಲ್ಲದಿದ್ದರೆ ಬಾಯಿ ಇದ್ದವರದೇ ಸಭೆ. ಗೋಳಿಬಜೆ ಇರಲಿ, ಶುರುವಿಗೇ ಕೊಡಿ.

ತಿಂದು ವಾಂತಿ ಮಾಡಿಕೊಳ್ಳುವವರು, ತಲೆ ತಿರುಗಿ ಬೀಳುವವರು, ಮೂರು ತಿಂಗಳಿಂದ ಮುಟ್ಟು ನಿಂತವರು ಇದ್ದರೆ ಕೂಡಲೇ ಡಾಕ್ಟರ ಹತ್ತಿರ ಕಳಿಸಿ. ಮನಸ್ಸಿನ ಕಷ್ಟಕ್ಕೆ ಸರಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ 14416 ಉಂಟು, ದಿನದ 24 ಗಂಟೆಯೂ ಉಚಿತ.

ಓರಗಿತ್ತಿಯ ಮನೆಗೆ ನೀವೇ ಹೋಗಿ, ಆದರೆ ಮೆಷಿನ್ ಹೊರಗೆ ಹೋದ ಮೇಲೆ. "ಎಲ್ಲರೆದುರು ಬರೆಸಿದ್ದು ತಪ್ಪಾಯ್ತು" ಎಂದಷ್ಟೇ ಹೇಳಿ. "ನಿನ್ನ ಒಳ್ಳೇದಕ್ಕೇ" ಎಂದು ಸೇರಿಸಬೇಡಿ, ವಾಪಸ್ ಬಾ ಎಂದು ಒತ್ತಾಯಿಸಬೇಡಿ. ಖಜಾಂಚಿಯನ್ನಂತೂ ಜೊತೆಗೆ ಕರ್ಕೊಂಡು ಹೋಗಲೇಬೇಡಿ.