ಈ ವಯಸ್ಸಿನಲ್ಲಿ ಎಡಿಎಚ್‌ಡಿ ಪರೀಕ್ಷೆ ಉಂಟಾ?

ಬದಿಯಡ್ಕದ ಸಹೋದರಿಯೊಬ್ಬರು ಬರೆದಿದ್ದಾರೆ: ‘ಒಂಬತ್ತು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಅಂದರು. ಡಾಕ್ಟರು ಅವನ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆಯೂ ನನ್ನನ್ನೇ ಕೇಳಿದ ಹಾಗಿತ್ತು. ಅಕಾಲದಲ್ಲಿ ಮಳೆ ಬಂದರೆ ಅಂಗಳದ ಅಡಿಕೆ ಒಟ್ಟುಮಾಡಲು ನಾನೇ ಮೊದಲು ಓಡುವವಳು. ಆದರೆ ಸೊಸೈಟಿಯ ಒಂದು ಅರ್ಜಿ ತುಂಬಿಸಲು ಮೂರು ವಾರ ಬೇಕು. ಮನೆಯಲ್ಲಿ ಸೋಮಾರಿ ಅಂತಾರೆ. ನನಗೀಗ 36. ಇದಕ್ಕೆ ಪರೀಕ್ಷೆ ಉಂಟಾ? ಮದ್ದು ಚಟವಾಗುತ್ತದಾ?’

ಪರೀಕ್ಷೆ ಖಂಡಿತ ಉಂಟು. ಸೋಮಾರಿಯಾದವರು ಮಳೆಗೆ ಓಡುವುದಿಲ್ಲ, ಅಲ್ವಾ? ತಲೆ ಮೇಲೆ ಬಂದು ನಿಂತ ಕೆಲಸಕ್ಕೆ ಮನಸ್ಸು ತಟ್ಟನೆ ಏಳುತ್ತದೆ, ನಾಳೆಗೂ ಆಗುವ ಕೆಲಸಕ್ಕೆ ಏಳುವುದೇ ಇಲ್ಲ. ಈ ತೊಂದರೆ ಇರುವ ಅನೇಕರು ಹೀಗೇ ಹೇಳುತ್ತಾರೆ. ವಂಶದಲ್ಲಿ ಬರುವುದೂ ಜಾಸ್ತಿ. ಹಾಗಂತ ಇಷ್ಟಕ್ಕೇ ತೀರ್ಮಾನ ಮಾಡಬೇಡಿ.

ಇದನ್ನು ಹಿಡಿಯುವ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಮನೋವೈದ್ಯರು ಕೂತು ಮಾತಾಡಿಸಬೇಕು. ಅವರು ಮುಖ್ಯವಾಗಿ ಹುಡುಕುವುದು ನಿಮ್ಮ ಬಾಲ್ಯವನ್ನು. 12 ವರ್ಷಕ್ಕೆ ಮೊದಲೇ ಕೆಲವು ಲಕ್ಷಣ ಕಂಡಿರಬೇಕು. ಆದ್ದರಿಂದ ಮೊದಲು ತವರಿಗೆ ಹೋಗಿ ಬನ್ನಿ. ಅಮ್ಮನನ್ನು ಕೇಳಿ. ಅಟ್ಟದಲ್ಲಿ ಹಳೆಯ ಪ್ರೋಗ್ರೆಸ್ ಕಾರ್ಡ್ ಇದ್ದರೆ ತನ್ನಿ. ತರಗತಿಯಲ್ಲಿ ಎದ್ದೋಡುವ ಹುಡುಗ ಮೇಷ್ಟ್ರ ಕಣ್ಣಿಗೆ ಬೀಳುತ್ತಾನೆ. ಕಿಟಕಿ ಹೊರಗೆ ನೋಡುತ್ತಾ ಸುಮ್ನೆ ಕೂತ ಹುಡುಗಿ ಬೀಳುವುದಿಲ್ಲ. ಎಷ್ಟೋ ಹೆಂಗಸರಿಗೆ ಇದು ಗೊತ್ತಾಗುವುದೇ ಮಕ್ಕಳನ್ನು ತೋರಿಸಲು ಹೋದಾಗ.

ನಿದ್ದೆ ಕೆಟ್ಟರೂ, ಥೈರಾಯ್ಡ್ ಏರುಪೇರಾದರೂ, ಖಿನ್ನತೆ ಇದ್ದರೂ ಗಮನ ನಿಲ್ಲುವುದಿಲ್ಲ. ಫೋನಿನಲ್ಲಿ ಬರುವ ಹತ್ತು ಪ್ರಶ್ನೆಗಳಿಂದ ಆ ವ್ಯತ್ಯಾಸ ತಿಳಿಯದು.

ನಮ್ಮ ಗಡಿಯವರಿಗೆ ಇನ್ನೊಂದು ಮಾತು. ಡಾಕ್ಟರು ತುಂಬಿಸಲು ಕೊಡುವ ಪ್ರಶ್ನೆಗಳ ಹಾಳೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಿಕ್ಕರೆ ಅಂದಾಜಿಗೆ ಟಿಕ್ ಹಾಕಬೇಡಿ. ‘ಕೆಲವೊಮ್ಮೆ’ಗೂ ‘ಆಗಾಗ’ಕ್ಕೂ ಅಲ್ಲಿ ಬಹಳ ವ್ಯತ್ಯಾಸ ಉಂಟು. ಕನ್ನಡದಲ್ಲಿ ಬಿಡಿಸಿ ಹೇಳಿ ಎಂದು ಕೇಳಿ, ಸಂಕೋಚ ಬೇಡ. ಕಾಸರಗೋಡಿನಲ್ಲಿ ಆಗದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋದರಾಯಿತು.

ಮದ್ದಿನ ಭಯ ಸಹಜ. ಇದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಉತ್ತೇಜಕ ಮದ್ದು. ಅದಕ್ಕೇ ಡಾಕ್ಟರ ಚೀಟಿ ಬೇಕೇ ಬೇಕು. ಮೊದಲು ಬಿಪಿ, ನಾಡಿ ನೋಡುತ್ತಾರೆ, ಹೃದಯದ ಕಾಯಿಲೆ ಇದೆಯಾ ಕೇಳುತ್ತಾರೆ, ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಹೇಳಿದಷ್ಟೇ ತೆಗೆದುಕೊಂಡರೆ ಚಟದ ಅಪಾಯ ಕಡಿಮೆ. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಮದ್ದು ಉತ್ತೇಜಕವಲ್ಲ, ಆದರೆ ಗುಣ ಕಾಣಲು ಕೆಲವು ವಾರ ಬೇಕು. ದೊಡ್ಡ ಕೆಲಸವನ್ನು ತುಂಡು ಮಾಡಿ ಮುಗಿಸುವುದನ್ನು ಕಲಿಸುವ ಆಪ್ತಸಲಹೆಯೂ ಜೊತೆಗೆ ಬೇಕಾಗುತ್ತದೆ. ಮಗನ ಮಾತ್ರೆಯನ್ನು ಮಾತ್ರ ನೀವು ನುಂಗಿ ನೋಡಬೇಡಿ.

ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ಮನೆಯವರ ಮಾತನ್ನೂ ಡಾಕ್ಟರು ಕೇಳುತ್ತಾರೆ. ‘ಸೋಮಾರಿ’ ಎನ್ನುವುದನ್ನು ಅವರು ಅಲ್ಲೇ ಹೇಳಲಿ.